ಮುದ್ರೆಯ ಪೈಪು, ಮುದ್ರೆಯಿಲ್ಲದ ಹುಕ್ಕಾ

ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿ. ರೇಷ್ಮೆ ಹುಳು ಸಾಕುವ ಒಂದು ಮನೆಯ ಜಗಲಿ. ಅಟ್ಟದ ಟ್ರಂಕಿನಿಂದ ಇಳಿಸಿದ ಎರಡು ಸಾಮಾನು, ಹೊಗೆ ಸೇದುವ ಒಂದು ಪೈಪು ಮತ್ತು ಒಂದು ಹುಕ್ಕಾದ ಕರೀ ತಳ, ಹಳೇ ಪಂಚೆಯ ಮೇಲಿವೆ. ಮಾತಾಡುತ್ತಿರುವವರು ಆ ಮನೆಯ ಹುಡುಗ ಮತ್ತು ಅವನ ಸೋದರತ್ತೆ. ಅತ್ತೆ ಬೆಂಗಳೂರಿನಲ್ಲಿ ಹಳೆಯ ಲೋಹದ ವಸ್ತುಗಳನ್ನು ಕಾಪಾಡುವ ಕೆಲಸ ಮಾಡಿ ನಿವೃತ್ತರಾದವರು.

ಹುಡುಗ: ಎರಡನ್ನೂ ತೊಳೆದಿಡೋಣ ಅಂತಿದ್ದೆ ಅತ್ತೆ. ಅಮ್ಮ ಹುಣಸೆಹಣ್ಣೂ ನೆನೆಹಾಕಿದ್ದರು. ನೀವು ಬರ್ತೀರಿ ಅಂತ ಗೊತ್ತಾಗಿ ಹಾಗೇ ಬಿಟ್ವಿ.

ಅತ್ತೆ: ಬಿಟ್ಟಿದ್ದು ಪುಣ್ಯ ಕಣಪ್ಪ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಸರಿ. ಈ ಕರೀ ಬುರುಡೆಗೆ ಹಾಕಿದ್ದರೆ ಒಂದೇ ಮಧ್ಯಾಹ್ನಕ್ಕೆ ಇನ್ನೂರು ವರ್ಷ ತೊಳೆದುಹೋಗಿರೋದು. ಅದನ್ನ ಆಮೇಲೆ ನೋಡೋಣ. ಮೊದಲು ಆ ಪೈಪು ಕೊಡು.

ಹುಡುಗ: ಮೊನ್ನೆ ಹಳೇ ಸಾಮಾನು ಕೊಳ್ಳೋ ವ್ಯಾಪಾರಿ ಒಬ್ಬ ಬಂದಿದ್ದ. ಪೈಪಿನ ಕೊರಳಿಗಿರೋ ಪಟ್ಟಿ ಬೆಳ್ಳೀದು ಅಂದ. ಹುಕ್ಕಾ ಟಿಪ್ಪು ಕಾಲದ್ದು ಅಂದ. ವಿದೇಶದಲ್ಲಿ ಗಿರಾಕಿ ಇದಾರೆ, ಈಗಲೇ ಕೊಟ್ಟರೆ ಒಳ್ಳೇ ಬೆಲೆ ಅಂದ.

ಅತ್ತೆ: ನಮ್ಮ ಸೀಮೇಲಿ ಹಳೇದು ಏನು ಕಂಡರೂ ಟಿಪ್ಪು ಕಾಲದ್ದೇ ಅಂತಾರೆ. ಹಾಗಂದ ಮೇಲೆ ಇನ್ಯಾರೂ ಪ್ರಶ್ನೆ ಕೇಳೋದಿಲ್ಲವಲ್ಲ, ನನಗೆ ಬೇಜಾರಾಗೋದು ಅದಕ್ಕೆ. ವಸ್ತುವನ್ನ ತಿರುಗಿಸಿ ತಳ ನೋಡೋರೂ ಇಲ್ಲ. ನಿನ್ನ ಮೊಬೈಲಿನ ಟಾರ್ಚ್ ಹಾಕು. ಮೇಲಿಂದ ಬೇಡ, ಪಕ್ಕದಿಂದ, ಮರಕ್ಕೆ ಸವರಿಕೊಂಡು ಹೋಗೋ ಹಾಗೆ ಅಡ್ಡಲಾಗಿ ಹಿಡಿ. ಏನಾದರೂ ಕಾಣುತ್ತಾ?

ಹುಡುಗ: ಅಕ್ಷರ ಇದಾವೆ! ಹಗಲು ಬೆಳಕಲ್ಲಿ ಕಂಡಿರಲಿಲ್ಲ. ಈ ಕಡೆ ಪೀಟರ್ಸನ್ಸ್ ಅಂತಿದೆ. ಆ ಕಡೆ ಮೂರು ಸಾಲು ಸಣ್ಣ ಅಕ್ಷರ... ಮೇಡ್ ಇನ್... ಐರಿಷ್ ಫ್ರೀ... ಸ್ಟೇಟ್.

ಅತ್ತೆ: ಸವೆದ ಮುದ್ರೆಯ ಹಳ್ಳದಲ್ಲಿ ನೆರಳು ಬಿದ್ದರೇ ಅಕ್ಷರ ಕಾಣೋದು. ಇನ್ನು ಈ ಪೈಪಿನ ವಯಸ್ಸು ಕಟ್ಟೋದು ಸುಲಭ. ಪೀಟರ್ಸನ್ ಅಂದರೆ ಐರ್ಲೆಂಡಿನ ಡಬ್ಲಿನ್ ಊರಿನ ಕಂಪನಿ. ಕಾಪ್ ಅನ್ನೋ ಅಣ್ಣತಮ್ಮಂದಿರು 1865ರಲ್ಲಿ ಅಂಗಡಿ ಇಟ್ಟರು ಅಂತ ಕಂಪನಿಯವರು ಹೇಳ್ತಾರೆ, ಚಾರ್ಲ್ಸ್ ಪೀಟರ್ಸನ್ ಆಮೇಲೆ ಬಂದು ಸೇರಿಕೊಂಡ. ಕೊಳವೆಯೊಳಗೆ ಇಳಿಯೋ ತೇವ ಬಾಯಿಗೆ ಬಾರದ ಹಾಗೆ ಒಂದು ಸಣ್ಣ ಗುಂಡಿ ಬಿಟ್ಟು ಪೈಪು ಮಾಡಿ 1890ರಲ್ಲಿ ಪೇಟೆಂಟ್ ತಗೊಂಡ. ಬಾಯಿಗಿಡೋ ತುದಿ ನೋಡು, ರಂಧ್ರ ಮೇಲಕ್ಕೆ ಮುಖ ಮಾಡಿದೆ. ಹೊಗೆ ನೇರ ನಾಲಿಗೆಗೆ ಬಡಿಯದೆ ಅಂಗುಳಕ್ಕೆ ಹೋಗಲಿ ಅಂತ ಅದು. ಅದಕ್ಕೆ ಪೇಟೆಂಟ್ ಬಂದಿದ್ದು 1898ರಲ್ಲಿ. ಆದರೆ ಕಾಲ ಹೇಳೋ ಸಾಲು ನೀನು ಈಗ ಓದಿದೆಯಲ್ಲ, ಅದು. ಐರಿಷ್ ಫ್ರೀ ಸ್ಟೇಟ್ ಅನ್ನೋ ಹೆಸರಿನ ದೇಶ ಹುಟ್ಟಿದ್ದು 1922ರ ಡಿಸೆಂಬರಿನಲ್ಲಿ. 1937ರ ಕೊನೆಗೆ ಹೊಸ ಸಂವಿಧಾನ ಬಂದು ಆ ಹೆಸರು ಹೋಯಿತು. 1949ರಲ್ಲಿ ರಿಪಬ್ಲಿಕ್ ಆದ ಮೇಲೆ ಪೈಪಿನ ಮೇಲೂ ರಿಪಬ್ಲಿಕ್ ಆಫ್ ಐರ್ಲೆಂಡ್ ಅಂತ ಒತ್ತೋಕೆ ಶುರುಮಾಡಿದರು.

ಹುಡುಗ: ಹಾಗಾದರೆ ಇದು 1922ರಿಂದ 1937ರ ಒಳಗಿನದು.

ಅತ್ತೆ: ಸ್ವಲ್ಪ ತಾಳು. 1922ಕ್ಕಿಂತ ಹಿಂದಿನದಲ್ಲ ಅನ್ನೋದು ಗಟ್ಟಿ ಮಾತು. ಹುಟ್ಟದ ದೇಶದ ಹೆಸರನ್ನ ಯಾರೂ ಒತ್ತೋಕಾಗಲ್ಲ. 1937ರ ಗಡಿ ಮಾತ್ರ ಅಷ್ಟು ಗಟ್ಟಿ ಅಲ್ಲ. ಕಾರ್ಖಾನೇಲಿ ಮುದ್ರೆ ಒತ್ತೋ ಉಳಿ ಚೆನ್ನಾಗಿದ್ದರೆ ದೇಶದ ಹೆಸರು ಬದಲಾಯ್ತು ಅಂತ ಅದೇ ದಿನ ಬಿಸಾಕ್ತಾರಾ? ಕೆಲವು ತಿಂಗಳು, ಒಂದೆರಡು ವರ್ಷ ಹಾಗೇ ನಡೀಬಹುದು. ಹಿಂದಿನ ಗಡಿ ಗಟ್ಟಿ, ಮುಂದಿನ ಗಡಿ ಸಡಿಲ. ಇದನ್ನ ಮನಸ್ಸಲ್ಲಿ ಇಟ್ಟುಕೋ, ಹುಕ್ಕಾ ನೋಡುವಾಗ ಬೇಕಾಗುತ್ತೆ.

ಹುಡುಗ: ಮತ್ತೆ ಬೆಳ್ಳಿ ಪಟ್ಟಿ? ಅದರ ಮೇಲೂ ಏನೋ ಸಣ್ಣ ಚಿತ್ರ ಇದಾವೆ. ವ್ಯಾಪಾರಿ ಅದನ್ನೇ ತೋರಿಸಿ ಬೆಳ್ಳಿ ಮುದ್ರೆ ಅಂದಿದ್ದು.

ಅತ್ತೆ: ಭೂತಗನ್ನಡಿ ಕೊಡು. ಒಂದು ಮೂರೆಲೆ ಸೊಪ್ಪು, ಒಂದು ಬೇಟೆನಾಯಿ, ಒಂದು ಗುಂಡು ಗೋಪುರ. ಇದು ಬೆಳ್ಳಿ ಅಲ್ಲಪ್ಪ, ನಿಕ್ಕಲ್. ನಿಕ್ಕಲ್ ಪಟ್ಟಿಗೆ ಅಂದ ಇರಲಿ ಅಂತ ಪೀಟರ್ಸನ್ ಕಂಪನಿಯವರೇ ಐರ್ಲೆಂಡಿನ ಈ ಮೂರು ಗುರುತು ಹಾಕ್ತಿದ್ದರು. ನಿಜವಾದ ಬೆಳ್ಳಿ ಮುದ್ರೆ ಹಾಕೋಕೆ ಸರ್ಕಾರ ಒಪ್ಪಿದ ಪರೀಕ್ಷೆ ಮನೆಗಳಿದ್ದವು. ಡಬ್ಲಿನ್ನಿನದಾದರೆ ಕಿರೀಟ ಇಟ್ಟ ಹಾರ್ಪ್ ವಾದ್ಯ ಇರಬೇಕು. ಇಂಗ್ಲೆಂಡಿನದಾದರೆ ನಡೆಯೋ ಸಿಂಹ ಇರಬೇಕು, ಜೊತೆಗೆ ಊರಿನ ಗುರುತು. ಬರ್ಮಿಂಗ್‌ಹ್ಯಾಮಿಗೆ ಲಂಗರು, ಲಂಡನ್ನಿಗೆ ಚಿರತೆ ಮುಖ. ಪಕ್ಕದಲ್ಲೇ ವರ್ಷ ಹೇಳೋ ಒಂದು ಅಕ್ಷರ. ಆಗೆಲ್ಲ ಲಂಡನ್ನಿನಲ್ಲಿ ಇಪ್ಪತ್ತು ವರ್ಷಕ್ಕೊಂದು ಸುತ್ತು, ಬರ್ಮಿಂಗ್‌ಹ್ಯಾಮಿನಲ್ಲಿ ಇಪ್ಪತ್ತೈದು ವರ್ಷಕ್ಕೆ. ಸುತ್ತು ಮುಗಿದ ಮೇಲೆ ಅದೇ ಅಕ್ಷರ ಮತ್ತೆ ಬರ್ತಿತ್ತು. ಅದಕ್ಕೇ ಅಕ್ಷರ ಒಂದನ್ನೇ ಓದಿದರೆ ಸಾಲದು, ಅದರ ಬರವಣಿಗೆ ಹೇಗಿದೆ, ಸುತ್ತ ಇರೋ ಚೌಕಟ್ಟು ಯಾವ ಆಕಾರದ್ದು ಅನ್ನೋದನ್ನೂ ನೋಡಬೇಕು.

ಹುಡುಗ: ಡನ್‌ಹಿಲ್ ಅನ್ನೋ ಪೈಪಿಗೆ ಬಹಳ ಬೆಲೆ ಅಂತ ಕೇಳಿದೀನಿ.

ಅತ್ತೆ: ಅದರ ವಯಸ್ಸು ಹೇಳೋಕೆ ಒಂದು ಸಣ್ಣ ಅಂಕಿ ಇರುತ್ತೆ. ಮೇಡ್ ಇನ್ ಇಂಗ್ಲೆಂಡ್ ಅನ್ನೋ ಪದದ ಕೊನೇ ಅಕ್ಷರಕ್ಕೆ ತಾಗಿಕೊಂಡು ಮೇಲ್ಗಡೆ ಕೂತಿರುತ್ತೆ. ಆ ಪದ್ಧತಿ 1920ರ ದಶಕದಲ್ಲಿ ಬಂತು. 5 ಅಂತಿದ್ದರೆ 1925, 14 ಅಂತಿದ್ದರೆ 1934. ಆಮೇಲೆ ಎಣಿಕೆ ಮತ್ತೆ ಮೊದಲಿಂದ ಶುರುವಾಯಿತು. ಹಾಗಾಗಿ ಅಂಕಿ ಒಂದನ್ನೇ ನಂಬೋ ಹಾಗಿಲ್ಲ, ಪೇಟೆಂಟ್ ನಂಬರು ಇದೆಯಾ, ಗಾತ್ರದ ಗುರುತು ಇದೆಯಾ ಅಂತ ಇನ್ನೊಂದು ಸಾಕ್ಷಿ ಕೇಳಬೇಕು. ಅಂಥ ಪೈಪನ್ನ ಒರೆಸಿ ಪಾಲಿಶ್ ಹಾಕೋಕೆ ಹೋದರೆ ಮೊದಲು ಹೋಗೋದು ಆ ಅಂಕಿ. ಮರ ಫಳಫಳ ಅನ್ನುತ್ತೆ, ಪೈಪು ಮೂಕ ಆಗುತ್ತೆ.

ಹುಡುಗ: ನಮ್ಮ ಪೈಪಿನ ಮರ ಯಾವುದು? ನಮ್ಮ ಕಡೆ ಮರದ ಹಾಗಿಲ್ಲ. ಒಳಗೆಲ್ಲ ಹಕ್ಕಿ ಕಣ್ಣಿನಂಥ ಚುಕ್ಕೆ.

ಅತ್ತೆ: ಬ್ರಯರ್ ಅಂತಾರೆ. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಟ್ಟದಲ್ಲಿ ಬೆಳೆಯೋ ಒಂದು ಪೊದೆ. ಮರ ಅಂತ ನಾವು ಅಂದುಕೊಂಡಿರೋದು ಅದರ ಬುಡದಲ್ಲಿ, ಮಣ್ಣೊಳಗೆ ಕಟ್ಟಿಕೊಳ್ಳೋ ಗಂಟು. ಬರಗಾಲಕ್ಕೂ ಕಾಡಿನ ಬೆಂಕಿಗೂ ಬದುಕಿ ಉಳಿಯೋಕೆ ಗಿಡ ಆ ಗಂಟನ್ನ ಮಾಡಿಕೊಂಡಿರೋದು. ಅದನ್ನ ಅಗೆದು ತುಂಡು ಮಾಡಿ, ಗಂಟೆಗಟ್ಟಲೆ ಬೇಯಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸ್ತಾರೆ. ಫ್ರಾನ್ಸಿನ ಜೂರಾ ಬೆಟ್ಟದ ಸೆಂಟ್ ಕ್ಲೋಡ್ ಅನ್ನೋ ಊರಿನ ಕಡಚಿಗರು 1850ರ ದಶಕದಲ್ಲಿ ಇದರಲ್ಲಿ ಪೈಪು ಕಡೆಯೋಕೆ ಶುರುಮಾಡಿದರು. ನಮ್ಮ ಚನ್ನಪಟ್ಟಣದ ಆಲೆಮರ ಗೊಂಬೆಗೆ ಹೇಳಿ ಮಾಡಿಸಿದ್ದು, ಮೃದು, ಅರಗು ಚೆನ್ನಾಗಿ ಹಿಡಿಯುತ್ತೆ. ಆದರೆ ಹೊಟ್ಟೆಯೊಳಗೆ ಕೆಂಡ ಇಟ್ಟುಕೊಳ್ಳೋ ಕೆಲಸಕ್ಕೆ ಅದು ಆಗದು. ಇಲ್ಲಿ ಬಾಯಂಚು ನೋಡು, ಒಂದೇ ಮಗ್ಗುಲು ಸುಟ್ಟಿದೆ. ಈ ಪೈಪಿನ ಯಜಮಾನ ಯಾವಾಗಲೂ ಒಂದೇ ಕಡೆಯಿಂದ ಕಡ್ಡಿ ಹಿಡೀತಿದ್ದ. ಬಾಯಿಗಿಡೋ ಭಾಗ ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರು. ಬಿಸಿಲು ಗಾಳಿಗೆ ಗಂಧಕ ಮೇಲೆ ಬಂದು ಹಸಿರು ತಿರುಗಿದೆ. ಕಪ್ಪು ಬಣ್ಣ ಹೊಡೆದು ಮುಚ್ಚಬೇಡ.

ಹುಡುಗ: ಮುತ್ತಜ್ಜ ಬೆಂಗಳೂರಿನ ದಂಡಿನಲ್ಲಿ ಬಟ್ಲರ್ ಆಗಿದ್ದರಂತೆ. 1947ರಲ್ಲಿ ಸಾಹೇಬರು ಊರಿಗೆ ಹೊರಟಾಗ ಬಂಗಲೆ ಸಾಮಾನು ಹರಾಜು ಹಾಕಿದರಂತೆ, ಅದರಲ್ಲಿ ತಂದಿದ್ದು ಅಂತ ಅಜ್ಜ ಹೇಳ್ತಿದ್ದರು.

ಅತ್ತೆ: ನಾನೂ ಕೇಳಿದೀನಿ. ಪೈಪು ಆ ಮಾತಿಗೆ ಹೊಂದುತ್ತೆ. 1922ರ ಮೇಲೆ ಮಾಡಿದ್ದು, 1947ಕ್ಕೆ ಹಳೇದಾಗಿ ಹರಾಜಿಗೆ ಬಂದಿರಬಹುದು. ಹೊಂದುತ್ತೆ ಅನ್ನೋದಕ್ಕೂ ಸಾಬೀತಾಯಿತು ಅನ್ನೋದಕ್ಕೂ ವ್ಯತ್ಯಾಸ ಇದೆ. ಈಗ ಹುಕ್ಕಾ ತಾ. ಎರಡೂ ಕೈಯಲ್ಲಿ ಹಿಡಿ, ಕೊರಳು ಹಿಡಿದು ಎತ್ತಬೇಡ. ಸತು ಕಣೋ, ಬಿದ್ದರೆ ತಟ್ಟೆ ಹಾಗೆ ತಗ್ಗಾಗೋದಿಲ್ಲ, ಬಿರುಕು ಬಿಡುತ್ತೆ.

ಹುಡುಗ: ನಾನು ಕಬ್ಬಿಣ ಅಂದುಕೊಂಡಿದ್ದೆ.

ಅತ್ತೆ: ಅಯಸ್ಕಾಂತ ಹಿಡಿದು ನೋಡು, ಅಂಟಲ್ಲ. ಇದು ಬಿದ್ರಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದಿದ್ದು. ಈಗ ಬೀದರಿನಲ್ಲಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅಂತ ಲೆಕ್ಕ ಹೇಳ್ತಾರೆ. ಹಿಂದೆ ಸೀಸ, ತವರವನ್ನೂ ಹಾಕ್ತಿದ್ದರು. 19ನೇ ಶತಮಾನದ ಆರಂಭದಲ್ಲೇ ಬೆಂಜಮಿನ್ ಹೇನ್ ಅನ್ನೋ ವೈದ್ಯ ಅದನ್ನ ಬರೆದಿಟ್ಟಿದಾನೆ. ಟಿಪ್ಪು ತೀರಿಕೊಂಡ ಮೇಲೆ ನಮ್ಮ ಲಾಲ್‌ಬಾಗ್ ನೋಡಿಕೊಳ್ತಿದ್ದ ಸಸ್ಯಶಾಸ್ತ್ರಜ್ಞನೇ ಅವನು. ಸತು ಅಂದರೆ ಸಾಮಾನ್ಯ ಲೋಹ ಅಲ್ಲ. ಅದಿರು ಕಾಯಿಸಿದರೆ ಕರಗಿ ಇಳಿಯೋ ಬದಲು ಆವಿಯಾಗಿ ಹೋಗಿಬಿಡುತ್ತೆ. ಆ ಆವಿ ಹಿಡಿದು ತಣ್ಣಗೆ ಮಾಡೋ ವಿದ್ಯೆ ರಾಜಸ್ಥಾನದ ಜಾವರ್ ಗಣಿಯವರಿಗೆ ಶತಮಾನಗಳ ಹಿಂದೆಯೇ ಗೊತ್ತಿತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಅದಕ್ಕೆ ಪೇಟೆಂಟ್ ತಗೊಂಡಿದ್ದು 1738ರಲ್ಲಿ.

ಹುಡುಗ: ಇದರ ಮೇಲೆ ಎಲ್ಲಾದರೂ ಮುದ್ರೆ ಇದೆಯಾ ಅಂತ ಟಾರ್ಚ್ ಹಿಡಿದು ಹುಡುಕಿದೆ. ಹೆಸರಿಲ್ಲ, ವರ್ಷ ಇಲ್ಲ, ಊರಿಲ್ಲ.

ಅತ್ತೆ: ಇರೋದಿಲ್ಲ. ನನಗೆ ಸಂಕಟ ಅನ್ನಿಸೋದೇ ಅಲ್ಲಿ. ಡಬ್ಲಿನ್ನಿನಲ್ಲಿ ಸಾವಿರಗಟ್ಟಲೆ ಮಾಡಿದ ಪೈಪಿಗೆ ಕಂಪನಿ ಹೆಸರು, ದೇಶದ ಹೆಸರು, ಪೇಟೆಂಟು ಎಲ್ಲಾ ಇದೆ. ಒಂದೊಂದು ದಳವನ್ನೂ ಉಳಿ ಹಿಡಿದು ಕೊರೆದು ಇದನ್ನ ಮಾಡಿದ ಮನುಷ್ಯನ ಹೆಸರು ಎಲ್ಲೂ ಇಲ್ಲ. ಹಳೇ ಬಿದ್ರಿಯಲ್ಲಿ ಹೆಸರು ಹಾಕಿದ ವಸ್ತು ಸಿಗೋದೇ ಅಪರೂಪ. ಅದಕ್ಕೇ ಇದನ್ನ ಓದೋಕೆ ಹೆಚ್ಚು ಹೊತ್ತು ಬೇಕು, ಹೆಚ್ಚು ಮರ್ಯಾದೆನೂ ಬೇಕು.

ಹುಡುಗ: ಎಲ್ಲಿಂದ ಶುರುಮಾಡೋದು?

ಅತ್ತೆ: ಹಿಂದಿನ ಗಡಿಯಿಂದ. ಇದು ಹುಕ್ಕಾದ ತಳ ಅಂದರೆ ಇದರಲ್ಲಿ ಹೊಗೆಸೊಪ್ಪಿನ ಹೊಗೆ ಹಾದಿರಬೇಕು. ಹೊಗೆಸೊಪ್ಪು ಅಮೆರಿಕದ ಗಿಡ, ಪೋರ್ಚುಗೀಸರ ಜೊತೆ ಈ ಕರಾವಳಿಗೆ ಬಂತು. ಅದು ದಖನ್ನಿನಿಂದ ಮೊಗಲರ ಆಸ್ಥಾನಕ್ಕೆ ಹೋದ ಕತೆ ನಮ್ಮ ಬಿಜಾಪುರದ್ದೇ. ಅಕ್ಬರ್ ಬಾದಶಹ ಅಸದ್ ಬೇಗ್ ಅನ್ನೋನನ್ನ ಇಬ್ರಾಹಿಂ ಆದಿಲ್ ಷಾ ದರ್ಬಾರಿಗೆ ಕಳಿಸಿದ್ದ, ರಾಜಕುಮಾರ ದಾನಿಯಾಲನಿಗೆ ಹೆಣ್ಣು ಕರೆತರೋಕೆ. ಅಸದ್ ಬೇಗ್ ಬಿಜಾಪುರದಲ್ಲಿ ಹೊಗೆಸೊಪ್ಪು ನೋಡಿದ. ಅಲ್ಲಿಂದ ಒಂದಿಷ್ಟು ಸೊಪ್ಪು, ರತ್ನ ಕೂರಿಸಿದ ಒಂದು ಸೇದುವ ಕೊಳವೆ, ಬಾಯಿಗಿಡೋಕೆ ಯೆಮನ್ ದೇಶದ ಕೆಂಪು ಕಲ್ಲಿನ ತುದಿ, ಎಲ್ಲಾ ತಗೊಂಡು ಹೋಗಿ ಅಕ್ಬರನ ಮುಂದೆ ಇಟ್ಟ. ವೈದ್ಯರು ಬೇಡ ಅಂದರೂ ಅಕ್ಬರ್ ಒಂದೆರಡು ದಮ್ಮು ಎಳೆದ. ಇದು 1604-05ರ ಸುಮಾರಿನ ಮಾತು, 1605ರಲ್ಲಿ ಅಕ್ಬರನೇ ತೀರಿಕೊಂಡ. 1617ರಲ್ಲಿ ಜಹಾಂಗೀರ್ ಹೊಗೆಸೊಪ್ಪು ಸೇದಬಾರದು ಅಂತ ಅಪ್ಪಣೆ ಮಾಡಿದ, ಅಂದರೆ ಅಷ್ಟರಲ್ಲಿ ಚಟ ಹಬ್ಬಿಹೋಗಿತ್ತು.

ಹುಡುಗ: ಅಂದರೆ ಯಾರಾದರೂ ಇದನ್ನ ಬಹಮನಿ ಸುಲ್ತಾನರ ಕಾಲದ ಹುಕ್ಕಾ ಅಂದರೆ ನಂಬೋ ಹಾಗಿಲ್ಲ.

ಅತ್ತೆ: ಖಂಡಿತಾ ಇಲ್ಲ. ಬಿದ್ರಿ ಕಲೆಯನ್ನ ಬಹಮನಿಗಳ ಕಾಲದಲ್ಲಿ ಇರಾನಿನ ಕಸಬುದಾರರು ತಂದರು ಅಂತ ಬೀದರಿನಲ್ಲಿ ಹೇಳ್ತಾರೆ. ಇರಬಹುದು. ಅಲ್ಲಿನ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರೀ ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದಾರೆ, ಬರೀದ್ ಷಾಹಿಗಳ ಕಾಲದ್ದು. ಅದನ್ನ ನೋಡಿದರೆ ಕರಿದರ ಮೇಲೆ ಬಿಳುಪು ಹೊಳೆಸೋ ಆಸೆ ಆ ಊರಿಗೆ ಎಷ್ಟು ಹಳೇದು ಅಂತ ತಿಳಿಯುತ್ತೆ. ಆದರೆ ಈಗ ಉಳಿದಿರೋ ಬಿದ್ರಿ ಸಾಮಾನಿನಲ್ಲಿ ತೀರಾ ಹಳೇವು 17ನೇ ಶತಮಾನದವು. ಕೈಗೆ ಸಿಕ್ಕ ವಸ್ತುವಿನ ವಯಸ್ಸನ್ನ ಕಲೆಯ ವಯಸ್ಸಿನಿಂದ ಹೇಳಬಾರದು. ಈಗ ಆಕಾರ ನೋಡು. ನೆಲದ ಮೇಲೆ ಇಡು.

ಹುಡುಗ: ನೆಟ್ಟಗೆ ನಿಂತುಕೊಳ್ಳುತ್ತೆ. ತಳ ಚಪ್ಪಟೆ, ದೇವಸ್ಥಾನದ ಗಂಟೆ ಕವುಚಿ ಹಾಕಿದ ಹಾಗೆ.

ಅತ್ತೆ: ಮೊದಮೊದಲಿನ ಹುಕ್ಕಾ ತಳ ಹೀಗೆ ನಿಲ್ತಿರಲಿಲ್ಲ. ತೆಂಗಿನ ಚಿಪ್ಪಿಗೆ ನೀರು ತುಂಬಿ ಸೇದೋ ಪದ್ಧತಿ ಇತ್ತು. ಲೋಹದಲ್ಲಿ ಮಾಡೋಕೆ ಹೊರಟವರು ಅದೇ ದುಂಡನೆ ಆಕಾರ ಉಳಿಸಿಕೊಂಡರು. ದುಂಡನೆ ಬುರುಡೆ ನೆಲದ ಮೇಲೆ ಉರುಳುತ್ತೆ ಅಂತ ಅದಕ್ಕೊಂದು ಸಿಂಬಿ ಬೇಕಾಗ್ತಿತ್ತು. ಸಿಂಬಿಯನ್ನೂ ಬಿದ್ರಿಯಲ್ಲೇ ಮಾಡಿ ಹೂ ಬಿಡಿಸಿದಾರೆ, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಂಥ ಕಡೆ ಅಂಥವು ಇದಾವೆ. 17ನೇ ಶತಮಾನ, 18ರ ಮೊದಲ ಭಾಗ ಅಂದರೆ ದುಂಡು. ಆಮೇಲೆ 18ನೇ ಶತಮಾನ ನಡೀತಾ ನಡೀತಾ ಈ ಗಂಟೆ ಆಕಾರ ಬಂತು, ಸಿಂಬಿ ಬೇಡವಾಯಿತು. ಇದು ನಮಗೆ ಗೊತ್ತಾಗಿರೋದು ಚಿತ್ರಗಳಿಂದ. ನವಾಬರು, ಸರದಾರರು ಹುಕ್ಕಾ ನಳಿಗೆ ಹಿಡಿದು ಕೂತ ಕಿರುಚಿತ್ರಗಳು ಎಷ್ಟೋ ಇದಾವೆ, ಹಲವಕ್ಕೆ ಕಾಲ ಗೊತ್ತು. ಚಿತ್ರದ ಮೂಲೆಯಲ್ಲಿ ಹುಕ್ಕಾ ದುಂಡಗಿದೆಯಾ ಗಂಟೆಯಂತಿದೆಯಾ ನೋಡಿಕೊಂಡು ಬಂದರೆ ಯಾವಾಗ ಬದಲಾಯಿತು ಅಂತ ಕಾಣುತ್ತೆ. ಚಿತ್ರ ಬರೆದವನು ಯಜಮಾನನ ಮುಖದ ಮೇಲೆ ಗಮನ ಇಟ್ಟಿದ್ದ, ಹುಕ್ಕಾದ ಬಗ್ಗೆ ಸಾಕ್ಷಿ ಹೇಳ್ತಿದೀನಿ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಅಂಥ ಸಾಕ್ಷಿಯನ್ನೇ ನಾನು ಹೆಚ್ಚು ನಂಬೋದು.

ಹುಡುಗ: ಆದರೆ ಗಂಟೆ ಆಕಾರದ್ದನ್ನ ಇವತ್ತೂ ಮಾಡಬಹುದಲ್ಲ?

ಅತ್ತೆ: ಮಾಡಬಹುದು, ಮಾಡ್ತಾರೆ. ಮುಂದಿನ ಗಡಿ ಸಡಿಲ ಅಂದೆನಲ್ಲ. ಅದನ್ನ ಬಿಗಿ ಮಾಡೋಕೆ ಕೈಕೆಲಸ ನೋಡಬೇಕು. ಭೂತಗನ್ನಡಿಯಲ್ಲಿ ಈ ಹೂವಿನ ಗಿಡ ನೋಡು. ಒಂದು ದಳ ಕಿತ್ತುಹೋಗಿದೆ. ಏನು ಕಾಣುತ್ತೆ ಅಲ್ಲಿ?

ಹುಡುಗ: ಗುಂಡಿ. ಒಳಗೆ ಸಣ್ಣ ಸಣ್ಣ ಗೀರು, ಒಂದರ ಪಕ್ಕ ಒಂದು. ಅಂಚು ಒಳಕ್ಕೆ ವಾಲಿದೆ, ಕೆಳಗೆ ಅಗಲ ಮೇಲೆ ಕಿರಿದು.

ಅತ್ತೆ: ಆ ಗೀರು ಉಳಿ ಹೊಡೆದ ಗುರುತು. ನಾನು ಬೀದರಿನ ಚೌಬಾರಾ ಸುತ್ತ ಇರೋ ಕಾರ್ಖಾನೆಗಳಲ್ಲಿ ಕೂತು ನೋಡಿದೀನಿ. ಎರಕ ಆಚೆ ಬಂದಾಗ ಬೂದು ಬಣ್ಣ, ಅರ ಹಾಕಿ ನಯ ಮಾಡ್ತಾರೆ. ಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡ್ತಾರೆ, ಗೀಚಿದ ಗೆರೆ ಬೆಳ್ಳಗೆ ಕಾಣಲಿ ಅಂತ. ಕಡ್ಡಿ ಹಿಡಿದು ಬರಿಗೈಯಲ್ಲೇ ಹೂವು ಬಳ್ಳಿ ಬರೀತಾರೆ. ಆ ಗೆರೆ ಹಿಡಿದು ಉಳಿಯಲ್ಲಿ ಕೊರೀತಾರೆ, ನೀನು ನೋಡಿದೆಯಲ್ಲ, ಅಂಚು ಒಳಗೆ ವಾಲಿರೋ ಹಾಗೆ. ಅದರಲ್ಲಿ ಬೆಳ್ಳಿ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡೀತಾರೆ. ಗೋಂದಿಲ್ಲ, ಬೆಸುಗೆ ಇಲ್ಲ. ಬೆಳ್ಳಿ ಅಗಲವಾಗಿ ವಾಲಿದ ಅಂಚಿನ ಕೆಳಗೆ ಹೊಕ್ಕು ಕೂತುಬಿಡುತ್ತೆ. ಕೊನೆಗೆ ಬೀದರ್ ಕೋಟೆಯ ಮಣ್ಣು. ಬಿಸಿಲು ಮಳೆ ಕಾಣದ ಹಳೇ ಗೋಡೆ ಮರೆಯ ಮಣ್ಣು. ಕಸಬುದಾರರು ನಾಲಿಗೆಗೆ ಇಟ್ಟು ರುಚಿ ನೋಡಿ ಆರಿಸ್ತಾರೆ. ಅದನ್ನ ನವಸಾಗರದ ಜೊತೆ ನೀರಲ್ಲಿ ಕುದಿಸಿ ಆ ಬಿಸಿ ನೀರಿಗೆ ವಸ್ತುವನ್ನ ಅದ್ದಿದರೆ ಸತು ಕಡುಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ನೋಡ್ತಾ ನೋಡ್ತಾ ಆಗೋ ಕೆಲಸ, ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತೆ. ಕೊನೇಲಿ ಎಣ್ಣೆ ಕೈ.

ಹುಡುಗ: ಇದರ ಕಪ್ಪು ಎಲ್ಲಾ ಕಡೆ ಒಂದೇ ಥರ ಇಲ್ಲ. ಹೊಟ್ಟೆ ಮೇಲೆ ಬೂದು ತಿರುಗಿದೆ, ಕೊರಳ ಬುಡದಲ್ಲಿ, ಹೂವಿನ ಸಂದಿನಲ್ಲಿ ಮಾತ್ರ ಗಾಢವಾಗಿದೆ.

ಅತ್ತೆ: ಅದೇ ಬೇಕಾಗಿರೋದು. ಕೈ ಆಡಿದ ಕಡೆ ಸವೆದಿದೆ, ಕೈ ಹೋಗದ ಕಡೆ ಉಳಿದಿದೆ. ಹೊಸದಕ್ಕೆ ಹಳೇದರ ವೇಷ ಹಾಕುವವರು ಕಪ್ಪನ್ನ ಎಲ್ಲಾ ಕಡೆ ಒಂದೇ ಸಮ ಉಜ್ಜಿಬಿಡ್ತಾರೆ, ಸವೆತಕ್ಕೆ ಅರ್ಥವೇ ಇರಲ್ಲ. ಬೆಳ್ಳಿ ಮೇಲೂ ಕಂದು ಛಾಯೆ ಬಂದಿದೆ ನೋಡು. ಗಾಳಿಯ ಗಂಧಕಕ್ಕೆ ಬೆಳ್ಳಿ ಹಾಗಾಗುತ್ತೆ, ಅಲ್ಯೂಮಿನಿಯಂ ಆಗಲ್ಲ. ಅಗ್ಗದ ಹೊಸ ಸಾಮಾನಿನಲ್ಲಿ ಬೆಳ್ಳಿ ಬದಲು ಬಿಳೀ ಲೋಹ ತುಂಬಿರ್ತಾರೆ. ಕೊರಳೊಳಗೆ ಟಾರ್ಚ್ ಬಿಡು.

ಹುಡುಗ: ಒಳಗೆ ಅರ್ಧಕ್ಕೆ ಒಂದು ಗೆರೆ. ಅದರ ಕೆಳಗೆ ಬಿಳೀ ಪೊರೆ ಕಟ್ಟಿದೆ.

ಅತ್ತೆ: ನೀರು ನಿಂತ ಗೆರೆ. ನೀರಿಗೂ ಗಾಳಿಗೂ ಸತು ಬಿಳೀ ಪೊರೆ ಕಟ್ಟುತ್ತೆ. ಅಂದರೆ ಇದು ಷೋಕಿಗೆ ಮಾಡಿ ಕಪಾಟಿನಲ್ಲಿ ಇಟ್ಟಿದ್ದಲ್ಲ, ಯಾರೋ ಇದರಲ್ಲಿ ನಿಜವಾಗಿ ಸೇದಿದಾರೆ. ಆ ಪೊರೆಯನ್ನ ಕೆರೆಯಬೇಡ. ಈಗ ಕವುಚು.

ಹುಡುಗ: ತಳದ ನಡುವೆ ತೂತು! ದುಂಡಗೆ, ಚೊಕ್ಕವಾಗಿ ಕೊರೆದಿದಾರೆ. ಇದು ನೀರು ನಿಲ್ಲಿಸೋ ಪಾತ್ರೆಯಾದರೆ ತೂತು ಯಾಕೆ?

ಅತ್ತೆ: ಇದು ಎರಡನೇ ಜನ್ಮದ ಗುರುತು. 18ನೇ ಶತಮಾನದಲ್ಲಿ ಕಂಪನಿ ಸಾಹೇಬರಿಗೂ ಹುಕ್ಕಾ ಷೋಕಿ ಇತ್ತು, ಅದನ್ನ ನೋಡಿಕೊಳ್ಳೋಕೇ ಒಬ್ಬ ಆಳು, ಹುಕ್ಕಾಬರ್ದಾರ್. 19ನೇ ಶತಮಾನದಲ್ಲಿ ಅವರಿಗೆ ಚುಟ್ಟಾ ಹಿಡಿಸಿತು, ಆಮೇಲೆ ನಿನ್ನ ಕೈಲಿರೋ ಅಂಥ ಬ್ರಯರ್ ಪೈಪು. ಹುಕ್ಕಾದ ಮರದ ಕಂಬ, ಬಟ್ಟೆ ಸುತ್ತಿದ ಉದ್ದ ನಳಿಗೆ, ಮಣ್ಣಿನ ಚಿಲುಮೆ, ಇವೆಲ್ಲ ಹಾಳಾಗಿ ಹೋದವು. ಬಿದ್ರಿ ತಳ ಮಾತ್ರ ಅಂದವಾಗಿದೆ ಅಂತ ಉಳೀತು. ಹೂದಾನಿ ಮಾಡಿಕೊಂಡರು, ಕರೆಂಟು ಬಂದ ಮೇಲೆ ತಳ ಕೊರೆದು ವೈರು ಏರಿಸಿ ಮೇಜಿನ ದೀಪ ಮಾಡಿಕೊಂಡರು. ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದಿದ್ದು 1905ರಲ್ಲಿ. ಈ ತೂತು ಬೆಂಗಳೂರ ಬಂಗಲೆಯಲ್ಲಿ ಬಿದ್ದಿದ್ದಾದರೆ ಅದಕ್ಕಿಂತ ಹಿಂದಿನದಲ್ಲ. ತೂತಿನ ಒಳ ಅಂಚು ನೋಡು, ಹೊರಮೈಯಷ್ಟು ಕಪ್ಪಿಲ್ಲ, ಲೋಹ ಬರೀ ಬೂದು. ಕೋಟೆ ಮಣ್ಣಿನ ನೀರು ಈ ಅಂಚಿಗೆ ತಾಗಿಲ್ಲ, ಕಪ್ಪು ಮಾಡಿದ ಎಷ್ಟೋ ಕಾಲದ ಮೇಲೆ ಕೊರೆದಿದ್ದು. ದೀಪವಾಗೋ ಹೊತ್ತಿಗೇ ಇದು ಹಳೇ ಸಾಮಾನಾಗಿತ್ತು ಅಂತಾಯಿತು.

ಹುಡುಗ: ಅದಕ್ಕೇ ಮುತ್ತಜ್ಜನಿಗೆ ಹರಾಜಿನಲ್ಲಿ ಸಿಕ್ಕಿರಬೇಕು. ಪೈಪಿನ ಪಕ್ಕದಲ್ಲಿ ಸಾಹೇಬನ ಮೇಜಿನ ದೀಪ.

ಅತ್ತೆ: ಆಗಿರಬಹುದು. ಇನ್ನೊಂದು ಪ್ರಶ್ನೆ ಉಳಿದಿದೆ, ಇದು ಬೀದರಿನದೇನಾ ಅಂತ. ಬಿದ್ರಿ ಅಂದ ಮಾತ್ರಕ್ಕೆ ಬೀದರಿನಲ್ಲೇ ಆಗಿರಬೇಕು ಅಂತಿಲ್ಲ. ಬಿಹಾರದ ಪೂರ್ಣಿಯಾ, ಬಂಗಾಳದ ಮುರ್ಷಿದಾಬಾದ್, ಲಖನೌ, ಎಲ್ಲಾ ಕಡೆ ಮಾಡಿದಾರೆ. ಬೆಳ್ಳಿ ತಗಡು ಮೈಯಿಂದ ಮೇಲೆದ್ದು ಉಬ್ಬಿಕೊಂಡಿದ್ದರೆ ಜರ್‌ಬುಲಂದ್ ಅಂತಾರೆ, ಮೈಯೆಲ್ಲಾ ಬೆಳ್ಳಿ ಹೊದಿಸಿ ಹೂವನ್ನ ಕತ್ತರಿಸಿ ಕೆಳಗಿನ ಕಪ್ಪಿನಲ್ಲಿ ಕಾಣಿಸಿದರೆ ಅಫ್ತಾಬಿ. ಇಂಥ ಕೆಲಸ, ಅದರ ಜೊತೆಗೆ ಮೀನಿನ ಗುರುತು ಕಂಡರೆ ಲಖನೌ ಕಡೆ ನೋಡಬೇಕು. ಇಲ್ಲಿ ಹಾಗಿಲ್ಲ. ಬೆರಳು ಆಡಿಸು, ಬೆಳ್ಳಿ ಮೈಗೆ ಸಮವಾಗಿದೆ. ದಳಗಳು ತಗಡು, ಅದು ತೆಹ್ನಿಶಾನ್. ಬಳ್ಳಿ, ಅಂಚು ತಂತಿ, ಅದು ತಾರ್ಕಶಿ. ಕಮಾನಿನ ಕೆಳಗೆ ಒಂದೊಂದೇ ಹೂವಿನ ಗಿಡ ನಿಲ್ಲಿಸೋದು ಮೊಗಲರ ಕಾಲದಿಂದ ಬಂದ ರೂಢಿ. ಆದರೆ 17ನೇ ಶತಮಾನದ ಗಿಡದಲ್ಲಿ ಎಲೆ ಬಾಗಿರುತ್ತೆ, ಮೊಗ್ಗು ತೂಗುತ್ತೆ, ಗಾಳಿ ಆಡ್ತಾ ಇದೆ ಅನ್ನಿಸುತ್ತೆ. ಎಷ್ಟೋ ಸಲ ಬೆಳ್ಳಿ ಜೊತೆ ಹಿತ್ತಾಳೆಯನ್ನೂ ಕೂರಿಸಿರ್ತಾರೆ. ಇಲ್ಲಿ ಎಡಕ್ಕೆ ಎರಡು ಎಲೆ ಬಲಕ್ಕೆ ಎರಡು ಎಲೆ, ಅಚ್ಚುಕಟ್ಟು, ಸ್ವಲ್ಪ ಬಿಗಿ. ಹಿತ್ತಾಳೆ ಇಲ್ಲ. ದಖನ್ನಿನ ಕೆಲಸ, ಬೀದರಿನದೇ ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಹುಡುಗ: ವರ್ಷ ಹೇಳಿ ಅತ್ತೆ. ಒಂದು ವರ್ಷ.

ಅತ್ತೆ: ಒಂದು ವರ್ಷ ಹೇಳುವವರನ್ನ ನಂಬಬೇಡ. ಆಕಾರ, ಕೈಕೆಲಸ, ಸವೆತ, ತೂತು, ನಾಲ್ಕನ್ನೂ ಕೂಡಿಸಿದರೆ 1750ರಿಂದ 1850ರ ನಡುವೆ. ಆಗ ಬೀದರ್ ಹೈದರಾಬಾದ್ ನಿಜಾಮರ ಕೈಲಿತ್ತು. ಕರ್ನಾಟಕಕ್ಕೆ ಅದು ಬಂದಿದ್ದು 1956ರಲ್ಲಿ. ಟಿಪ್ಪುವಿನ ಆಳ್ವಿಕೆ ಆ ನೂರು ವರ್ಷದ ಒಳಗೆ ಬರುತ್ತೆ ನಿಜ. ಆದರೆ ಅವನಿಗೂ ಇದಕ್ಕೂ ಗಂಟು ಹಾಕೋಕೆ ಇದರ ಮೇಲೆ ಒಂದು ಗೀರೂ ಇಲ್ಲ.

ಹುಡುಗ: ಹಾಗಾದರೆ ವ್ಯಾಪಾರಿಗೆ ಏನು ಹೇಳಲಿ? ವಿದೇಶಕ್ಕೆ ಕಳಿಸೋದು ಅವನೇ ನೋಡಿಕೊಳ್ತಾನಂತೆ.

ಅತ್ತೆ: ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನ ದೇಶದ ಆಚೆ ಕಳಿಸೋ ಹಾಗಿಲ್ಲ. ಒಳಗೆ ವ್ಯಾಪಾರ ಮಾಡೋಕೂ ಲೈಸೆನ್ಸ್ ಬೇಕು. ಪೈಪು 1922ಕ್ಕಿಂತ ಈಚಿನದು, ಅದು ಆ ಗಡಿಯ ಹತ್ತಿರಹತ್ತಿರ ಬಂದಿದೆ. ಹುಕ್ಕಾ ದಾಟಿ ಎಷ್ಟೋ ಕಾಲವಾಯಿತು. ಕಾನೂನು ಬಿಡು, ನನಗೆ ಬೇರೇನೇ ಸಂಕಟ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇವತ್ತಿನ ಕಸಬುದಾರನಿಗೆ ಒಂದು ಹೆಸರಾದರೂ ಸಿಕ್ಕಿದೆ. ಇದನ್ನ ಮಾಡಿದವನಿಗೆ ಸಿಕ್ಕಿಲ್ಲ. ಅವನ ಕೈ ಹೇಗಿತ್ತು ಅನ್ನೋದಕ್ಕೆ ಉಳಿದಿರೋದು ಈ ಗೀರುಗಳು ಮಾತ್ರ. ಅದನ್ನ ಯಾರ ಮನೆ ಡ್ರಾಯಿಂಗ್ ರೂಮಿಗೋ ಪಾಲಿಶ್ ಹಾಕಿ ಕಳಿಸಿದರೆ ಹೋಯಿತು, ಮತ್ತೆ ಓದೋಕಾಗಲ್ಲ.

ಹುಡುಗ: ಕೊಡಲ್ಲ ಅಂತ ಹೇಳ್ತೀನಿ. ಆದರೆ ಮನೇಲಿ ಹುಳುವಿನ ಕೆಲಸ, ತೇವ, ಬ್ಲೀಚಿಂಗ್ ಪೌಡರು. ಎಲ್ಲಿಡೋದು?

ಅತ್ತೆ: ಹುಳು ಮನೆ ಕಡೆ ಬೇಡವೇ ಬೇಡ. ಬ್ಲೀಚಿಂಗ್ ಪೌಡರಿನ ಗಾಳಿ ಸತುವಿಗೂ ಬೆಳ್ಳಿಗೂ ವಿಷ. ಒಣಗಿದ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸು, ಅಷ್ಟೇ. ಸಬೀನಾ, ಬೂದಿ, ನಿಂಬೆಹಣ್ಣು ಯಾವುದೂ ಮುಟ್ಟಿಸಬೇಡ. ಒಗೆದು ಒಣಗಿಸಿದ ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಪೆಟ್ಟಿಗೇಲಿಡು. ಪೈಪು ಬೇರೆ ಪೆಟ್ಟಿಗೇಲಿ, ಅದರ ರಬ್ಬರಿನ ಗಂಧಕ ಬೆಳ್ಳಿಯನ್ನ ಕಪ್ಪು ಮಾಡುತ್ತೆ. ಮೊದಲು ಫೋಟೋ ತೆಗಿ. ಬೆಳಕು ಪಕ್ಕದಿಂದ, ಜೊತೆಗೆ ಒಂದು ಸ್ಕೇಲ್ ಇಟ್ಟು. ಆಮೇಲೆ ಒಂದು ಹಾಳೆ ತಗೊಂಡು ಬರಿ.

ಹುಡುಗ: ಹೇಳಿ, ಬರ್ಕೋತೀನಿ.

ಅತ್ತೆ: ಬಿದ್ರಿ ಹುಕ್ಕಾ ತಳ. ಗಂಟೆ ಆಕಾರ. ಬೆಳ್ಳಿ ತಗಡು, ತಂತಿ. ದಖನ್, ಬಹುಶಃ ಬೀದರ್. 1750ರಿಂದ 1850. ಪ್ರತಿಯೊಂದರ ಮುಂದೆ ಯಾಕೆ ಹಾಗಂದೆವು ಅಂತ ಕಾರಣ ಬರಿ, ನಾಳೆ ಇನ್ನೊಬ್ಬರು ಬಂದು ನನ್ನ ಮಾತು ತಪ್ಪು ಅಂತ ತೋರಿಸೋಕೂ ಅದು ಬೇಕಾಗುತ್ತೆ. ಕಿತ್ತುಹೋದ ದಳ ಎಲ್ಲಿದೆ, ತೂತಿನ ಅಳತೆ ಎಷ್ಟು, ಒಳಗಿನ ನೀರಿನ ಗೆರೆ ಯಾವ ಎತ್ತರದಲ್ಲಿದೆ, ಅದೂ ಇರಲಿ. ಪೈಪಿಗೆ ಬೇರೆ ಹಾಳೆ.

ಹುಡುಗ: ದಂಡಿನ ಹರಾಜು? ಅಜ್ಜನ ಮಾತು ಬರೀಬಹುದಾ?

ಅತ್ತೆ: ಬರೀಲೇಬೇಕು, ಬರೀದಿದ್ದರೆ ಅದೂ ನಿನ್ನ ತಲೆಮಾರಿಗೇ ಮುಗಿದುಹೋಗುತ್ತೆ. ಮನೆಯವರ ಹೇಳಿಕೆ ಅಂತ ಬೇರೆ ಸಾಲಲ್ಲಿ ಬರಿ, ಯಾರು ಯಾರಿಗೆ ಹೇಳಿದ್ದು ಅಂತಲೂ ಹಾಕು. ಪೆನ್ನು ಬೇಡ, ತೇವಕ್ಕೆ ಶಾಯಿ ಹರಡುತ್ತೆ. ಪೆನ್ಸಿಲ್ ತಗೋ.